ತಳಿ ಆರಿಸುವಾಗ ಉಸಿರಾಟವನ್ನೂ ಗಮನಿಸಬೇಕು

ಫ್ಲ್ಯಾಟಿನಲ್ಲಿ ಸಾಕಲು ಪಗ್ ಮತ್ತು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ನಾಯಿ ತಳಿಗಳು ಸೂಕ್ತವೆಂದು ನಾನು ಓದಿದ ಲೇಖನವೊಂದು ಹೇಳಿದೆ. ಅವುಗಳ ಸ್ವಭಾವದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಆರೋಗ್ಯದ ಬಗ್ಗೆ ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ. ನಾಯಿಗಳು ಮುಖ್ಯವಾಗಿ ಏದುಸಿರಿನಿಂದಲೇ ಮೈಯನ್ನು ತಂಪು ಮಾಡಿಕೊಳ್ಳುವುದರಿಂದ, ಚಪ್ಪಟೆ ಮೂತಿಯ, ಕಿರಿದಾದ ಹೊಳ್ಳೆಗಳ ಪಗ್‌ಗೆ ಕಲಬುರಗಿ, ರಾಯಚೂರಿನಂಥ ಊರುಗಳ ಬೇಸಿಗೆ ಪ್ರಾಣಕ್ಕೇ ಕುತ್ತಾಗಬಹುದು. ಕ್ಯಾವಲಿಯರ್‌ನಲ್ಲಿ ಹೃದಯದ ಕವಾಟದ ರೋಗ, ಮಿದುಳಿಗೆ ತಲೆಬುರುಡೆಯೇ ಇಕ್ಕಟ್ಟಾಗುವ ತೊಂದರೆ ಎಷ್ಟು ವ್ಯಾಪಕವೆಂದರೆ, ಆ ತಳಿಯ ಈಗಿನ ಸಂವರ್ಧನೆ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧವೆಂದು ನಾರ್ವೆಯ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿತು. ಮೂತಿ ತುಸು ಉದ್ದವಿರುವ, ಆಡಿ ಬಂದ ಮೇಲೂ ಗೊರಕೆಯಂಥ ಸದ್ದಿಲ್ಲದೆ ಉಸಿರಾಡುವ ಮರಿಯನ್ನು, ಅದರ ತಾಯಿಯನ್ನೂ ಕಣ್ಣಾರೆ ನೋಡಿ, ಪಶುವೈದ್ಯರಿಂದ ಹೃದಯ ಮತ್ತು ಮಂಡಿಚಿಪ್ಪುಗಳ ತಪಾಸಣೆ ಮಾಡಿಸಿಯೇ ತರಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ.