ಸ್ಪಷ್ಟನೆ: ಕೆ. ಎಸ್. ಕೃಷ್ಣನ್ ನಮ್ಮ ಪುತ್ತೂರಿನವರಲ್ಲ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಘನಸ್ಥಿತಿ ಭೌತವಿಜ್ಞಾನಿ ಕೆ. ಎಸ್. ಕೃಷ್ಣನ್ ನಮ್ಮ ಪುತ್ತೂರಿನವರು. ರಾಮನ್ ಜೊತೆ ನೊಬೆಲ್ ಹಂಚಿಕೊಂಡವರು.' ಘನಸ್ಥಿತಿ ಭೌತವಿಜ್ಞಾನಿ, ಅಂದರೆ ಹರಳಿನಂಥ ಘನವಸ್ತುಗಳ ಗುಣ ಅಧ್ಯಯನ ಮಾಡಿದವರು ಎಂಬುದು ಸರಿ; ಉಳಿದ ಎರಡೂ ತಪ್ಪು.

ಕೃಷ್ಣನ್ ಹುಟ್ಟಿದ್ದು 1898ರಲ್ಲಿ, ತಮಿಳುನಾಡಿನ ವತ್ರಾಪ್‌ನಲ್ಲಿ. ಹತ್ತಿರದ ಪೇಟೆ ಶ್ರೀವಿಲ್ಲಿಪುತ್ತೂರು. ಫಾರ್ವರ್ಡ್ ಆಗುತ್ತಾ ಆಗುತ್ತಾ 'ಶ್ರೀವಿಲ್ಲಿ' ಉದುರಿಹೋಗಿ, ಗಡಿಯಾಚೆಯ, ದಕ್ಷಿಣ ಕನ್ನಡದ ನಮ್ಮ ಪುತ್ತೂರು ಉಳಿದಿರಬೇಕು!

1930ರ ನೊಬೆಲ್ ಸಿ. ವಿ. ರಾಮನ್ ಒಬ್ಬರಿಗೇ ಬಂದದ್ದು. 1928ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರಾಮನ್ ಪರಿಣಾಮದ ಬಗ್ಗೆ ಬಂದ ಟಿಪ್ಪಣಿಯಲ್ಲಿ ಮಾತ್ರ ಇಬ್ಬರ ಹೆಸರೂ ಇದೆ, ಅಷ್ಟು ನಿಜ.

ಬೇಸರವೆಂದರೆ, ಅವರ ಸ್ವಂತ ಕೆಲಸದ ಬಗ್ಗೆ ಸಂದೇಶದಲ್ಲಿ ಒಂದಕ್ಷರವೂ ಇಲ್ಲ. ಕಲ್ಕತ್ತಾದಲ್ಲಿ ಅವರು ಪುಟ್ಟ ಹರಳೊಂದನ್ನು ನವಿರಾದ ಕ್ವಾರ್ಟ್ಜ್ ಎಳೆಗೆ ತೂಗುಹಾಕಿ ಕಾಂತಕ್ಷೇತ್ರದ ನಡುವೆ ಇಡುತ್ತಿದ್ದರು. ಎಳೆಯ ಮೇಲ್ತುದಿಯನ್ನು ಮೆಲ್ಲಗೆ ತಿರುಚುತ್ತಾ ಹೋದರೆ ಒಂದು ಹಂತದಲ್ಲಿ ಹರಳು ತಟ್ಟನೆ ತಿರುಗಿಬಿಡುತ್ತದೆ. ಅಲ್ಲಿಯವರೆಗೆ ಎಳೆಯನ್ನು ತಿರುಚಿದ ಕೋನ ಹಿಡಿದು, ಹರಳಿನ ಕಾಂತಗುಣ ದಿಕ್ಕಿನಿಂದ ದಿಕ್ಕಿಗೆ ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕುತ್ತಿದ್ದರು.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರೂ ಅವರೇ. 1961ರಲ್ಲಿ ತೀರಿಕೊಂಡರು. ಸಂದೇಶವನ್ನು ಈಗಾಗಲೇ ಶಾಲೆಯ ಬೋರ್ಡಿಗೆ ಇಳಿಸಿಕೊಂಡವರು ದಯವಿಟ್ಟು ಆ ಎರಡು ಸಾಲು ತಿದ್ದಿ.