ಹಳೇ ಗೆಳೆಯರು ಸಿಕ್ಕರೆ ಕೈಗೊಂದು ವಾದ್ಯ ಕೊಡಿ

ಹಳೇ ಗೆಳೆಯರ ಗೆಟ್ ಟುಗೆದರ್ ಅಂದ್ರೆ ನನಗೆ ಅಷ್ಟಕ್ಕಷ್ಟೆ. ಹೋಟೆಲ್ ಹಾಲ್, ಬ್ಯಾನರ್, ಶಾಲು, ಗ್ರೂಪ್ ಫೋಟೊ. ಮೊದಲ ಅರ್ಧ ಗಂಟೆ ಒಬ್ಬರ ಬೋಳುತಲೆ, ಇನ್ನೊಬ್ಬರ ಹೊಟ್ಟೆ ನೋಡಿ ನಗು. ಆಮೇಲೆ ಯಾರ ಮಗ ಎಲ್ಲಿದ್ದಾನೆ, ಸೈಟಿಗೆ ಎಷ್ಟು ರೇಟು, ಯಾರಿಗೆ ಶುಗರ್. ಊಟ ಮುಗಿಯುವ ಹೊತ್ತಿಗೆ ಮಾತೂ ಮುಗಿದಿರುತ್ತದೆ. ಮೂವತ್ತು ವರ್ಷ ಬೇರೆ ಬೇರೆ ಕಡೆ ಬದುಕಿದವರು ಬರೀ ಮಾತಾಡಿ ಹತ್ತಿರ ಆಗೋದು ಕಷ್ಟ. ಜೊತೆಗೆ ಕೂತು ಏನಾದ್ರೂ ಮಾಡಬೇಕು.

ಕಾರವಾರದ ಕೋಡಿಬಾಗದಲ್ಲಿ ಪಿಯುಸಿ ಓದುವ ಕಾಲಕ್ಕೆ ನಾವೊಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಆಗ ‘ರಸಮಂಜರಿ ಕಾರ್ಯಕ್ರಮ’ ಅಂತ ಬೋರ್ಡ್ ಬಿದ್ದರೆ ಸಾಕು, ಜನ ಸೇರುತ್ತಿದ್ದರು. ಚೆನ್ನಾಗಿ ಬಾರಿಸ್ತಾನೆ ಅಂತ ನಾವು ಯಾರನ್ನೂ ಆರಿಸಿದ್ದಲ್ಲ. ವಾಡಾದಲ್ಲಿ, ಅಂದ್ರೆ ನಮ್ಮ ಕೇರಿಯಲ್ಲಿ, ಅಕ್ಕಪಕ್ಕದ ಊರಲ್ಲಿ ಯಾರಿದ್ದರೋ ಅವರೇ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಗಿಟಾರ್ ಕಲಿತವನೊಬ್ಬ. ಚೌತಿಯ ಆರತಿಗೆ ಗುಮಟೆ ಬಾರಿಸುವ ಮನೆಯವನೊಬ್ಬ. ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ, ಸೈಕಲ್ ಕ್ಯಾರಿಯರ್‌ಗೆ ಕ್ಯಾಸಿಯೊ ಕೀಬೋರ್ಡ್ ಕಟ್ಟಿಕೊಂಡು ಬರುವವನೊಬ್ಬ. ಡೋಲಕ್‌ನವ ಅರ್ಗಾದವ. ನಾನು ಹಾಡುವವ, ಯಾಕಂದ್ರೆ ನನ್ನ ಹತ್ತಿರ ಯಾವ ವಾದ್ಯವೂ ಇರಲಿಲ್ಲ. ಹಾಡು ಕನ್ನಡ, ಹಿಂದಿ. ಜಗಳ ಮಾತ್ರ ಕೊಂಕಣಿಯಲ್ಲಿ.

ಕಡಲ ದಂಡೆಯಲ್ಲಿ ವಾದ್ಯ ಸಾಕೋದು ಸುಲಭ ಅಲ್ಲ. ಮಡಗಾಂವ್‌ನಿಂದ ತಂದ ಗಿಟಾರ್ ತಂತಿಗೆ ಉಪ್ಪುಗಾಳಿ ಬಡಿದು ಕೆಲವೇ ವಾರಕ್ಕೆ ತುಕ್ಕು. ಮಳೆಗಾಲದಲ್ಲಂತೂ ಗುಮಟೆಯ ಚರ್ಮ ಸಡಿಲವಾಗಿ ‘ಧಪ್’ ಅನ್ನುತ್ತಿತ್ತು. ಒಲೆಯ ಮುಂದೆ ಹಿಡಿದು ತಿರುಗಿಸುತ್ತಾ ಕಾಯಿಸಬೇಕು. ಜಾಸ್ತಿ ಕಾದರೆ ಚರ್ಮ ಬಿರಿಯುತ್ತದೆ. ನೋಡದವರಿಗೆ ಹೇಳ್ತೇನೆ: ಗುಮಟೆ ಅಂದ್ರೆ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಖಾಲಿ. ಬಲಗೈ ಚರ್ಮದ ಮೇಲೆ ಆಡುತ್ತಿದ್ದರೆ ಎಡಗೈ ಆ ಸಣ್ಣ ಬಾಯಿ ಮುಚ್ಚಿ ತೆರೆದು ನಾದ ಬದಲಿಸುತ್ತದೆ. ಮೊದಲೆಲ್ಲ ಉಡದ ಚರ್ಮ ಬಿಗಿಯುತ್ತಿದ್ದರು. ಈಗ ಉಡ ಹಿಡಿದರೆ ಜೈಲು, ಹಾಗಾಗಿ ಆಡಿನ ಚರ್ಮ. ಗೋವಾದವರು 2019ರಲ್ಲಿ ಇದನ್ನು ತಮ್ಮ ಪಾರಂಪರಿಕ ವಾದ್ಯ ಅಂತ ಘೋಷಿಸಿಕೊಂಡರು. ಇತ್ತ ನಮ್ಮ ಹಾಲಕ್ಕಿ ಒಕ್ಕಲಿಗರು ಗುಮಟೆ ಬಾರಿಸುತ್ತಾ ಹಾಡುವ ಗುಮಟೆಪಾಂಗ್ ಎಷ್ಟು ತಲೆಮಾರಿನದೋ! ನಾವು ಮಾತ್ರ ಘೋಷಣೆಗೆ ಯಾವಾಗಲೂ ಹಿಂದೆ.

ಆರ್ಕೆಸ್ಟ್ರಾ ಮುರಿದದ್ದು ಜಗಳದಿಂದಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲೇ ಅಡಿಗಲ್ಲು ಬಿದ್ದಿತ್ತು. ಆಮೇಲೆ ಡೋಲಕ್‌ನವನ ಮನೆ, ತೆಂಗಿನಮರ ಎಲ್ಲ ಅದಕ್ಕೆ ಹೋಯಿತು. ಕ್ಯಾಸಿಯೊದವ ವಾಸ್ಕೋಗೆ, ಗಿಟಾರಿನವ ಗಲ್ಫಿಗೆ, ನಾನು ಹುಬ್ಬಳ್ಳಿಗೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ಊರಿಗೆ ಬರೋದು ಸುಲಭವಾಯ್ತು ಅಂತ ಖುಷಿಪಟ್ಟೆವು. ಊರು ಬಿಡೋದೂ ಸುಲಭವಾಗಿತ್ತು. ಈಗಿನ ಹುಡುಗರು ಬ್ಯಾಂಡ್ ಕಟ್ಟದಿದ್ದರೆ ಎಲ್ಲರೂ ಮೊಬೈಲಿಗೆ ಬೈಯುತ್ತಾರೆ. ಸುಮ್ನೆ ಅದು. ಯೂಟ್ಯೂಬ್ ನೋಡಿ ಅವರು ನಮಗಿಂತ ಚೆನ್ನಾಗಿ ಗಿಟಾರ್ ಕಲಿತಿದ್ದಾರೆ. ಆದರೆ ಹದಿನೆಂಟಕ್ಕೇ ಊರು ಬಿಟ್ಟರೆ ಜೊತೆಗೆ ಬಾರಿಸಲು ವಾಡಾದಲ್ಲಿ ಉಳಿಯೋದು ಯಾರು?

ನಮ್ಮನ್ನು ಮತ್ತೆ ಸೇರಿಸಿದ್ದು ಒಂದು ಕೆಟ್ಟ ಸುದ್ದಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದ. ಬೆಳಿಗ್ಗೆ ಆ ಫೋಟೊ ನೋಡಿ ಕ್ಯಾಸಿಯೊದವ ಫೋನ್ ಮಾಡಿದ, ‘ನನ್ನ ಸೈಕಲ್ ರೂಟೇ ಹೋಯ್ತಲ್ಲೋ ಮಾರಾಯಾ’ ಅಂತ. ಅವನ ದನಿ ಕೇಳದೆ ಎಷ್ಟೋ ವರ್ಷ ಆಗಿತ್ತು.

ಆ ಚೌತಿಗೆ ಗುಮಟೆಯವನ ಮನೆಯಲ್ಲಿ ಸೇರಿದೆವು. ಮೊದಲು ಅದೇ ಸೈಟು, ಅದೇ ಶುಗರ್. ಡೋಲಕ್‌ನವ ಪುನರ್ವಸತಿ ಕಾಲೊನಿಯಿಂದ ಬಂದು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಮಕ್ಕಳ ಕೆಲಸ, ಕಾರಿನ ಮಾತಿಗೆ ಅವನಿಗೆ ಸೇರಿಸಲು ಏನೂ ಇರಲಿಲ್ಲ. ಆರತಿಯ ಹೊತ್ತಿಗೆ ಗುಮಟೆ ಕೆಳಗಿಳಿಯಿತು. ಅವನ ತೊಡೆ ಮೇಲೂ ಒಬ್ಬರು ಡೋಲಕ್ ಇಟ್ಟರು. ಲಯ ಅವನ ಕೈಯಲ್ಲಿತ್ತು. ಅಲ್ಲಿಂದ ಮುಂದೆ ಎಲ್ಲರೂ ಅವನ ಮುಖ ನೋಡಿಕೊಂಡೇ ಬಾರಿಸಿದರು.

ಆರತಿ ಮುಗಿದ ಮೇಲೆ ನನ್ನನ್ನು ಹಾಡಲು ಎಬ್ಬಿಸಿದರು. ಪಿಯುಸಿ ಕಾಲದಲ್ಲಿ ನನ್ನ ಶ್ರುತಿ ಬಿಳಿ 4, ಅಂದ್ರೆ ಕೀಬೋರ್ಡಿನ ನಾಲ್ಕನೇ ಬಿಳಿ ಮನೆ. ಮೊದಲ ಸಾಲಿಗೇ ಗಂಟಲು ಕೈಕೊಟ್ಟಿತು. ಕ್ಯಾಸಿಯೊದವ ಏನೂ ಕೇಳಲಿಲ್ಲ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ನಾಲ್ಕು ಸಲ ಒತ್ತಿ ಕಪ್ಪು 1ಕ್ಕೆ, ಮೊದಲ ಕಪ್ಪು ಮನೆಗೆ, ಇಳಿಸಿದ. ಬೆರಳು ಹಳೇ ಜಾಗದಲ್ಲೇ ಆಡಿತು, ಹಾಡು ನನ್ನ ಈಗಿನ ವಯಸ್ಸಿಗೆ ಬಂತು. ನಾನು ಎರಡನೇ ಚರಣ ಮರೆತು ನಿಂತಾಗ ಅವನು ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ ಕಾದ. ಕರೋಕೆ ಟ್ರ್ಯಾಕ್ ಹೀಗೆ ಕಾಯುತ್ತದಾ? ಅದಕ್ಕೇ ನನಗೆ ಆ ಕರೋಕೆ ಕ್ಲಬ್ಬುಗಳು ರುಚಿಸೋದಿಲ್ಲ.

ಈಗ ಗ್ರೂಪಿನಲ್ಲಿ ಹೊಸ ಗಲಾಟೆ. ಬೀಚಿನ ಮಯೂರವರ್ಮ ವೇದಿಕೆಯಲ್ಲಿ ಒಂದು ಕಾರ್ಯಕ್ರಮ ಕೊಡೋಣ ಅಂತ ಗಿಟಾರಿನವ ಗಲ್ಫಿನಿಂದ ಮೆಸೇಜ್ ಮೇಲೆ ಮೆಸೇಜ್. ನನ್ನ ವೋಟು ಬೇಡ ಅಂತ. ವೇದಿಕೆ ಅಂದಮೇಲೆ ಚೆನ್ನಾಗಿ ಬಾರಿಸೋರನ್ನು ಹುಡುಕುತ್ತೇವೆ, ಕೊನೆಗೆ ನಮ್ಮವನೇ ಒಬ್ಬ ಹೊರಗೆ ಕೂರುತ್ತಾನೆ. ಮುಂದಿನ ಚೌತಿಗೂ ಮನೆಯಲ್ಲೇ ಬಾರಿಸೋಣ ಅಂದಿದ್ದೇನೆ. ಬೇಸ್ ಗಿಟಾರಿನ ಜಾಗ ಖಾಲಿ ಇದೆ. ಕೋಡಿಬಾಗ, ಕಾಜುಬಾಗ ಕಡೆಯ ಐವತ್ತು ದಾಟಿದವರು ಯಾರಾದ್ರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಬಾರಿಸಲು ಬರದಿದ್ದರೂ ಅಡ್ಡಿಯಿಲ್ಲ, ಮನೆಯಲ್ಲಿ ಒಂದು ಆಂಪ್ಲಿಫೈಯರ್ ಇದ್ದರೆ ಸಾಕು.