ಎತ್ತಿಗೂ ಸೋಮವಾರ ಇದೆ

ಇವತ್ತು ಬೆಳಿಗ್ಗೆ ಏಳೂಕಾಲಿಗೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ನಮ್ಮ ಬೀದಿ ಕೊನೆಯ ಹೋಟೆಲಿಗೆ ಹೋದೆ. ರಾತ್ರಿ ಎರಡರವರೆಗೆ ಕೂತು ಫೈಲ್ ಕಳಿಸಿದ್ದೆ. ದೋಸೆ ಹಿಟ್ಟು ಇರಲಿಲ್ಲ, ರವೆ ಹುರಿಯುವಷ್ಟು ತ್ರಾಣವೂ ಇರಲಿಲ್ಲ. ನೋಡಿದರೆ ಷಟರ್ ಎಳೆದಿದೆ. ಅದಕ್ಕೊಂದು ರಟ್ಟು ಕಟ್ಟಿದ್ದಾರೆ. ಮೇಲೆ ಸ್ಕೆಚ್ ಪೆನ್ನಿನಲ್ಲಿ, "ಕೊಡಿ ಹಬ್ಬ. ಹೋಟೆಲಿಗೆ ಆರು ದಿನ ರಜೆ. ಸೋಮವಾರ ತೆರೆಯುತ್ತದೆ."

ಅಷ್ಟೇ. 'ಗ್ರಾಹಕರಿಗೆ ಆಗುವ ತೊಂದರೆಗೆ ವಿಷಾದಿಸುತ್ತೇವೆ' ಇಲ್ಲ. 'ತುರ್ತು ಇದ್ದರೆ ಈ ನಂಬರಿಗೆ ಕರೆ ಮಾಡಿ' ಇಲ್ಲ. ಹೋಟೆಲಿನ ಭಟ್ಟರು ಕುಂದಾಪುರದ ಹತ್ತಿರದ ಕೋಟೇಶ್ವರದವರು. ಅಲ್ಲಿ ಕೋಟಿಲಿಂಗೇಶ್ವರನ ತೇರು, ಅದೇ ಕೊಡಿ ಹಬ್ಬ. ಹೊಸದಾಗಿ ಮದುವೆಯಾದವರು ಹೋಗಿ ಕೊಡಿ, ಅಂದರೆ ಚಿಗುರು, ಇರುವ ಕಬ್ಬು ಕೊಂಡು ಮನೆಗೆ ತರುತ್ತಾರೆ. ಭಟ್ಟರ ಮದುವೆಯಾಗಿ ಮೂವತ್ತು ವರ್ಷ ಆಗಿರಬೇಕು. ಆದರೂ ಪ್ರತಿವರ್ಷ ಹೋಗುತ್ತಾರೆ. ಹಸಿದ ಹೊಟ್ಟೆಯಲ್ಲಿ ನನಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ಹೊಟ್ಟೆಕಿಚ್ಚು.

ಯಾಕೆಂದರೆ ಭಟ್ಟರಿಗೂ ಬಾಸ್ ಇಲ್ಲ, ನನಗೂ ಇಲ್ಲ. ನಾನು ಪತ್ರಿಕೆಯ ಡೆಸ್ಕ್ ಬಿಟ್ಟು ಮನೆಯಿಂದಲೇ ಅನುವಾದ ಶುರು ಮಾಡಿದ್ದು 2017ರಲ್ಲಿ, ನಿಮಗೆಲ್ಲ ಗೊತ್ತು. ಅವತ್ತಿನಿಂದ ಇವತ್ತಿನವರೆಗೆ ಒಂದೇ ಒಂದು ರಟ್ಟು ಕಟ್ಟಿಲ್ಲ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದಾರೆ. ಎಲ್ಲ ಭಾನುವಾರ, ಜೊತೆಗೆ 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ. "ನೀನೂ ಒಂದು ವಾರ ರಜಾ ಹಾಕು, ಸುಮ್ನೆ ಊರಿಗೆ ಹೋಗಿ ಬರೋಣ" ಅನ್ನುತ್ತಾರೆ. ಯಾರಿಗೆ ಹಾಕಲಿ ಸ್ವಾಮಿ? ಅರ್ಜಿ ಬರೆಯುವವಳು ನಾನೇ, ತಿರಸ್ಕರಿಸುವವಳೂ ನಾನೇ, ಹಾಗೂ ಹೀಗೂ ಮಂಜೂರು ಮಾಡಿದರೆ ಸಂಬಳ ಕಡಿಯುವವಳೂ ನಾನೇ. ಇಂಥ ಕೆಟ್ಟ ಮ್ಯಾನೇಜರ್ ನನಗೆ ಡೆಸ್ಕಿನಲ್ಲಿದ್ದಾಗಲೂ ಸಿಕ್ಕಿರಲಿಲ್ಲ.

ಸುತ್ತ ನೋಡಿದರೆ ಎಲ್ಲರಿಗೂ ಒಂದು ರಜೆ ಇದೆ. ಕಟಿಂಗ್ ಶಾಪಿಗೆ ಮಂಗಳವಾರ. ಗಾರೆ ಕೆಲಸದವರು ಅಮಾವಾಸ್ಯೆ ದಿನ ಬರುವುದಿಲ್ಲ, ನಿಮ್ಮ ಗೃಹಪ್ರವೇಶಕ್ಕೆ ನಾಲ್ಕೇ ದಿನ ಇದ್ದರೂ ಬರುವುದಿಲ್ಲ. ನಮ್ಮ ಟೈಲರ್ ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ 'ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ' ಅಂತ ಬರೆದು ನೇತು ಹಾಕುತ್ತಾರೆ. ಅವರ ಹತ್ತಿರ ಗೋಗರೆದು ಬೈಸಿಕೊಂಡು ಬಂದವಳು ನಾನು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ ಅದು. ಎತ್ತು ಅರ್ಜಿ ಬರೆದಿಲ್ಲ. ಬಿತ್ತನೆ ಎಷ್ಟೇ ಅವಸರದಲ್ಲಿದ್ದರೂ ಸೋಮವಾರ ಅಂದರೆ ಸೋಮವಾರ.

ನಮಗೆ ಯಾಕಿಲ್ಲ ಅಂದರೆ, ಆ ಮೇಲ್. ಶುಕ್ರವಾರ ಸಂಜೆ ಆರೂವರೆಗೆ ಬರುತ್ತದೆ. "4,000 ಪದ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬೇಕು, ಯಾರು ಫ್ರೀ ಇದ್ದೀರಿ?" ಫ್ರೀಯಂತೆ. ಇದೇ ಮೇಲ್ ನನ್ನಂಥ ಎಂಟು ಹತ್ತು ಜನಕ್ಕೆ ಒಟ್ಟಿಗೇ ಹೋಗಿರುತ್ತದೆ. ಮೊದಲು 'ಹೂಂ' ಅಂದವರಿಗೆ ಕೆಲಸ. ಕಳಿಸಿದಾತ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೊರಡುತ್ತಾನೆ. ಅವನ ಶನಿವಾರ ಭಾನುವಾರ ನಿಂತಿರುವುದು ನನ್ನ ಶನಿವಾರ ಭಾನುವಾರದ ಮೇಲೆ.

ಒಂದು ಸಲ 'ಆಗಲ್ಲ' ಅಂದರೆ ನನಗೆ ಹೋಗುವುದು 6,000 ರೂಪಾಯಿ. ಅದನ್ನು ಹೇಗೋ ನುಂಗಿಕೊಳ್ಳಬಹುದು. ಮೂರು ಸಲ ಅಂದರೆ ಪಟ್ಟಿಯಲ್ಲಿ ಹೆಸರು ಕೆಳಗೆ ಜಾರುತ್ತದೆ. ಯಾರೂ ಬೈಯುವುದಿಲ್ಲ, ತೆಗೆದುಹಾಕಿದ್ದೇವೆ ಅಂತ ಹೇಳುವುದೂ ಇಲ್ಲ. ಮೇಲ್ ಬರುವುದು ನಿಲ್ಲುತ್ತದೆ. ಭಟ್ಟರ ಗಿರಾಕಿಗೆ ಸೋಮವಾರ ಮತ್ತೆ ಹಸಿವಾಗುತ್ತದೆ, ಈ ಬೀದಿಗೇ ಬರಬೇಕು. ನನ್ನ ಗಿರಾಕಿಗೆ ಬೀದಿಯೇ ಇಲ್ಲ.

ಪದಕ್ಕೆ ಒಂದೂವರೆ ರೂಪಾಯಿ, ಅದೂ ಇಂಗ್ಲಿಷ್ ಪದ ಎಣಿಸಿ. ಪುಣ್ಯ, ಕನ್ನಡ ಎಣಿಸುವುದಿಲ್ಲ. ಎಣಿಸಿದ್ದರೆ ಮುಗೀತು ಕಥೆ. ಇಂಗ್ಲಿಷಿನವರು ನಾಲ್ಕೈದು ಪದ ಪೋಣಿಸಿ ಹೇಳುವುದನ್ನು ನಾವು 'ಬಂದಿರಲಿಕ್ಕಿಲ್ಲ' ಅಂತ ಒಂದೇ ಏಟಿಗೆ ಹೇಳಿ ಬಡವರಾಗುತ್ತೇವೆ. ಈಗೀಗ ಮೆಷಿನ್ ಮೊದಲೇ ಅನುವಾದ ಮಾಡಿಟ್ಟಿರುತ್ತದೆ, ನಾವು ತಿದ್ದಿದರೆ ಸಾಕಂತೆ. ಅದಕ್ಕೆ ಅರ್ಧ ರೇಟು. ತಿದ್ದಲು ಹಿಡಿಯುವ ಹೊತ್ತು ಮಾತ್ರ ಬರೆಯುವಷ್ಟೇ. ಮೊದಲು ಐದು ದಿನಕ್ಕೆ ಬರುತ್ತಿದ್ದ ದುಡ್ಡಿಗೆ ಈಗ ಏಳು ದಿನ ಸಾಲದು.

ಬಿಲ್ ಹಾಕಿದ ಮೇಲೆ ಆ ದುಡ್ಡು ಬರುವುದು ಎರಡು ತಿಂಗಳಿಗೋ ಮೂರು ತಿಂಗಳಿಗೋ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ನಾನೂ ಸಣ್ಣ ಉದ್ದಿಮೆ ಅಂತ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ ಸರ್ಟಿಫಿಕೇಟ್ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಕೂಡ ಮಾಡಿಸಿಟ್ಟಿದ್ದೇನೆ. ಯಾವ ಕ್ಲೈಂಟಿಗೆ ತೋರಿಸಲಿ? ತೋರಿಸಿದ ಮಾರನೇ ದಿನದಿಂದ ಶಾಶ್ವತ ರಜೆ.

"ಕೆಲಸ ಇಲ್ಲದ ದಿನ ಇರುತ್ತಲ್ಲ, ಆಗ ರೆಸ್ಟ್ ತಗೋ" ಅನ್ನುವವರಿದ್ದಾರೆ. ಕೆಲಸ ಇಲ್ಲದ ದಿನ ಹೇಗಿರುತ್ತದೆ ಗೊತ್ತಾ? ಮಾರ್ಚ್ ಮುಗಿಯುತ್ತಿದ್ದಂತೆ ಕಂಪನಿಗಳ ಬಜೆಟ್ ಖಾಲಿ. ಏಪ್ರಿಲಿನಲ್ಲಿ ನಾನು ಕುಕ್ಕರಿಗೆ ಅಕ್ಕಿ ಹಾಕುತ್ತಾ ಇನ್‌ಬಾಕ್ಸ್ ನೋಡುತ್ತೇನೆ, ಬಟ್ಟೆ ಒಣಹಾಕಿ ಬಂದು ನೋಡುತ್ತೇನೆ, ರಾತ್ರಿ ಎದ್ದಾಗಲೂ ನೋಡುತ್ತೇನೆ. ಅದನ್ನು ರಜೆ ಅನ್ನಬೇಡಿ ದಯವಿಟ್ಟು. ಮಳೆ ಬರದೆ ಹೊಲದ ಬದುವಿನ ಮೇಲೆ ಕೂತವನಿಗೆ ಹಾಲಿಡೇನಾ ಅಂತ ಕೇಳುತ್ತೀರಾ?

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. 2022ರ ಆಯುಧಪೂಜೆ. ಅತ್ತೆ ನನ್ನ ಲ್ಯಾಪ್‌ಟಾಪ್ ತೆರೆದಿಟ್ಟು, ಪರದೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಕೀಗಳ ಮೇಲೆ ಚೆಂಡು ಹೂವಿನ ಎಸಳು ಉದುರಿಸಿ, ಮಗಳ ಪುಸ್ತಕ, ಈಳಿಗೆಮಣೆ, ಸ್ಕೂಟರ್ ಕೀ ಎಲ್ಲದರ ಜೊತೆ ಪೂಜೆಗೆ ಇಟ್ಟಿದ್ದರು. ಮಾರನೇ ದಿನ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಮೂರು ಗಂಟೆಗೆ ಫೋನಿನಲ್ಲಿ ಮೇಲ್ ಬಂತು. ಅತ್ತೆ ಮಲಗಿದ್ದರು. ನಾನು 'ಹೂಂ' ಅಂದೆ, ಮೆಲ್ಲಗೆ ಹೋಗಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ.

ಕೆಲಸ ಏನಂತೀರಿ? ಒಂದು ಕಂಪನಿಯ ನೌಕರರ ಕೈಪಿಡಿ. ರಜೆಯ ಅಧ್ಯಾಯ! ಗಳಿಕೆ ರಜೆ, ಸಾಂದರ್ಭಿಕ ರಜೆ, ಹೆರಿಗೆ ರಜೆ 26 ವಾರ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ 20 ದಿನ ದುಡಿದರೆ 1 ದಿನ ಸಂಬಳದ ರಜೆ. ಒಂದೊಂದು ಸಾಲನ್ನೂ ಕನ್ನಡ ಮಾಡುತ್ತಾ ಸಂಜೆ ಆರಾಯಿತು. ಅತ್ತೆ ಎದ್ದು ಬಂದವರು ಬಾಗಿಲಲ್ಲೇ ನಿಂತು, "ಪೂಜೆಗಿಟ್ಟಿದ್ದನ್ನ ಎಬ್ಬಿಸಿಬಿಟ್ಯೇನೇ?" ಅಂದರು. ಬೇರೇನೂ ಹೇಳಲಿಲ್ಲ. ಅವತ್ತಿನ ಒಂದು ಎಸಳು ಸ್ಪೇಸ್ ಬಾರ್ ಕೆಳಗೆ ಸಿಕ್ಕಿಕೊಂಡಿದೆ. ಒತ್ತಿದಾಗಲೆಲ್ಲ ಕಿರ್ ಅನ್ನುತ್ತದೆ. ಈಗಲೂ ಅಂತು.

ಕಾಮೆಂಟಿನಲ್ಲಿ ಒಬ್ಬರಾದರೂ ಬರೆಯುತ್ತೀರಿ, ಗೊತ್ತು. "ನೀವೇ ಆರಿಸಿಕೊಂಡಿದ್ದಲ್ವಾ? ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಲ್ಲ, ಮಧ್ಯಾಹ್ನ ಬೇಕಾದರೆ ಮಲಗಬಹುದು." ಒಪ್ಪಿದೆ, ಮಲಗುತ್ತೇನೆ. ರಾತ್ರಿ ಮಾಡಿದ ಸಾಲವನ್ನು ಹಗಲು ತೀರಿಸುತ್ತೇನೆ, ಅಷ್ಟೇ. ಅದೂ ಪೂರ್ತಿ ತೀರುವುದಿಲ್ಲ. ಎದುರು ಮನೆಯವರ ಕೊರಿಯರ್, ಮೇಲಿನ ಮನೆಯವರ ಗ್ಯಾಸ್ ಸಿಲಿಂಡರ್, ಎಲ್ಲ ನನ್ನ ಬಾಗಿಲಿಗೇ. "ನೀವು ಮನೇಲೇ ಇರ್ತೀರಲ್ಲ ಅಕ್ಕಾ!"

ಇನ್ನು ನಮ್ಮ ದೊಡ್ಡಪ್ಪ. ಫ್ಯಾಮಿಲಿ ಗ್ರೂಪಿನಲ್ಲಿ ವಾರಕ್ಕೊಮ್ಮೆ 'ಕಾಯಕವೇ ಕೈಲಾಸ'. ದೊಡ್ಡಪ್ಪ, ನಿಮಗೆ 60ಕ್ಕೆ ನಿವೃತ್ತಿ ಆಯಿತು, ಪಿಂಚಣಿ ಬರುತ್ತಿದೆ, ತಗೊಳ್ಳದೆ ಉಳಿಸಿದ ಗಳಿಕೆ ರಜೆಗೂ ದುಡ್ಡು ಎಣಿಸಿಕೊಂಡಿರಿ. ಕೈಲಾಸ ನೀವು ನೋಡಿಯಾಗಿದೆ. ಅದೇ ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಏನು ಮಾಡಿದಳು? ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂದಳು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ, ನಾಳೆಯೂ ಅಕ್ಕಿ ಸಿಗುತ್ತದೆ ಅನ್ನುವ ಧೈರ್ಯ ಲಕ್ಕಮ್ಮನಿಗಿತ್ತು. ನನಗೆ ಏಪ್ರಿಲ್ ನೆನಪಾಗುತ್ತದೆ.

ಧಾರವಾಡದ ಗೆಳತಿಯೊಬ್ಬಳು ಕರಡು ತಿದ್ದುವ ಕೆಲಸ ಮಾಡುತ್ತಾಳೆ. ಅವಳಿಗೆ ಈ ಯಾವ ರಗಳೆಯೂ ಇಲ್ಲ. ಪ್ರತಿ ಬಿಲ್ಲಿನ ಹತ್ತರಲ್ಲೊಂದು ಪಾಲು ಬೇರೆ ಖಾತೆಗೆ. ಲೆಕ್ಕ ಸರಿಯಾಗಿದೆ, ನಾನೂ ಹಾಕಿ ನೋಡಿದೆ. ದಿನಕ್ಕೆ 3,000ದಂತೆ 300 ದಿನ ದುಡಿದರೆ 9 ಲಕ್ಷ, ಅದರ ಹತ್ತನೇ ಒಂದು ಪಾಲು 90,000, ಅಂದರೆ 30 ದಿನದ ರಜೆಯ ಸಂಬಳ. ಮೂರು ವಾರ ಮೊದಲೇ ಎಲ್ಲ ಕ್ಲೈಂಟಿಗೂ ಮೇಲ್ ಹಾಕುತ್ತಾಳೆ, ಇಂಥ ದಿನದಿಂದ ಇಂಥ ದಿನದವರೆಗೆ ಇರುವುದಿಲ್ಲ ಅಂತ. ಕಾರಣ ಬರೆಯುವುದಿಲ್ಲ. ಯಾಕೆ ಅಂತ ಕೇಳಿದರೆ, "ಕಾರಣ ಬರದ್ರ ಅರ್ಜಿ ಆಗ್ತದವಾ. ತಾರೀಖಷ್ಟ ಬರಿ, ನೋಟೀಸ್ ಆಗ್ತದ" ಅಂದಳು. ಒಬ್ಬ ಕ್ಲೈಂಟ್ ಹೋದನಂತೆ. ಉಳಿದವರು ಕಾದರಂತೆ. ಅವಳಿಗೆ ಮಕ್ಕಳ ಸ್ಕೂಲ್ ಫೀಸ್ ಇಲ್ಲ, ಗೃಹಸಾಲ ಇಲ್ಲ, ಅದಕ್ಕೇ ಈ ಧಿಮಾಕು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ನಾನೂ ಐದು ತಿಂಗಳು ದುಡ್ಡು ಎತ್ತಿಟ್ಟೆ. ಜೂನಿನಲ್ಲಿ ಮಗಳ ಫೀಸ್ ಬಂತು. ನನ್ನ 'ರಜೆ' ಖಾತೆಯಲ್ಲಿ ಈಗ 412 ರೂಪಾಯಿ ಇದೆ.

ಆರೂಮುಕ್ಕಾಲು. ಮೇಲ್ ಬಂದು ಹದಿನೈದು ನಿಮಿಷ ಆಯಿತು. 3,800 ಪದ, ಸೋಮವಾರ ಒಂಬತ್ತಕ್ಕೆ. ದೊಡ್ಡಪ್ಪನ ಪ್ಯಾರಾದಿಂದ ಇಲ್ಲಿಯವರೆಗೆ ಆ ಮೇಲನ್ನು ಪಕ್ಕದ ಟ್ಯಾಬಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ. ಇಷ್ಟು ಹೊತ್ತು ಉತ್ತರ ಕೊಡದೆ ಕೂತಿದ್ದು ನನಗೇ ನೆನಪಿಲ್ಲ. ಬೆನ್ನು ಬೆವರಿದೆ.

ಸೋಮವಾರ ಭಟ್ಟರು ಬಂದ ಕೂಡಲೇ ಒಂದು ಕೇಳಬೇಕು, ಆರು ದಿನದಲ್ಲಿ ಎಷ್ಟು ಗಿರಾಕಿ ಕಳಕೊಂಡಿರಿ ಅಂತ. ಡಬ್ಬಿ ತೊಳೆದು ಮಗುಚಿ ಇಟ್ಟಿದ್ದೇನೆ.